ಸಿಟ್ಟು ನಿಜವಾಗಿರಬೇಕು: ಹಾಸ್ಯ ನಿರ್ದೇಶನದಲ್ಲಿ ನನ್ನ ಅನುಭವ

ಹಾಸ್ಯ ಚಿತ್ರ ಮಾಡ್ತೀನಿ ಅಂದರೆ ತುಮಕೂರಲ್ಲಿ ಮೊದಲು ಕೇಳೋದು, 'ಕಾಮಿಡಿಗೆ ಯಾರನ್ನ ಹಾಕ್ಕೊಂಡಿದ್ದೀರಾ?' ನನಗೆ ಅದಕ್ಕಿಂತ ಮುಖ್ಯ, ಕಥೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಅನ್ನೋದು. ಇಷ್ಟು ವರ್ಷ ಕಿರುಚಿತ್ರ ಬರೆದು ನಿರ್ದೇಶಿಸಿ ನಾನು ನಂಬಿಕೊಂಡಿರೋದು ಇದನ್ನೇ: ತಾನು ನಗಿಸ್ತಿದ್ದೀನಿ ಅಂತ ಪಾತ್ರಕ್ಕೆ ಗೊತ್ತಿರಬಾರದು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಲ್ಲಿ ಒಂದು ದೃಶ್ಯ ತೆಗೆದೆ. ಅಣ್ಣ ತಮ್ಮ, ತೆಂಗಿನ ತೋಟ ಭಾಗ ಆಗಬೇಕು. ಬೋರ್‌ವೆಲ್ ಯಾರ ಪಾಲಿಗೆ ಅನ್ನೋ ಜಗಳ ಏರ್ತಾ ಏರ್ತಾ ತಮ್ಮನ ಕೈ ಅವನಿಗೇ ಅರಿವಿಲ್ಲದೆ ಅಣ್ಣನ ಚಟ್ನಿಗೆ ಹೋಗುತ್ತೆ. ಅಣ್ಣ ಬಯ್ಯುತ್ತಲೇ ಬಟ್ಟಲನ್ನು ಅವನ ಕಡೆ ಸರಿಸ್ತಾನೆ. ತಮ್ಮನ ಪಾತ್ರದ ಹುಡುಗ ರಿಹರ್ಸಲ್‌ನಲ್ಲಿ ಚಟ್ನಿ ಮುಟ್ಟೋ ಮುಂಚೆ ಕಣ್ಣು ಮಿಟುಕಿಸ್ತಿದ್ದ. ಸೊಗಸಾಗಿಯೇ ಇತ್ತು, ಬೇಡ ಅಂದೆ. 'ಚಟ್ನಿ ಮರೆತುಬಿಡು, ಬೋರ್‌ವೆಲ್ ಬಿಟ್ಟುಕೊಡಬೇಡ' ಅಂತ ಮಾತ್ರ ಹೇಳಿದೆ.

ಕ್ಲೋಸಪ್ಪೂ ಇಡಲಿಲ್ಲ. ಇಬ್ಬರು, ಎರಡು ತಟ್ಟೆ, ಒಂದೇ ಫ್ರೇಮು. ಕೈಯನ್ನೇ ದೊಡ್ಡದು ಮಾಡಿ ತೋರಿಸಿದರೆ ನೋಡುವವನು ತಾನೇ ಕಂಡುಹಿಡಿಯೋ ಖುಷಿ ಹೋಯ್ತು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಮನೆಯ ಮುಂಗೋಡೆಯೇ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಬೀಳುತ್ತೆ. ಕಿಟಕಿ ಬಿದ್ದ ಜಾಗದಲ್ಲಿ ನಿಂತಿದ್ದಕ್ಕೆ ಆತ ಉಳೀತಾನೆ. ದೂರದ ಶಾಟ್, ಪೂರ್ತಿ ಮನುಷ್ಯ, ಪೂರ್ತಿ ಗೋಡೆ.

ನಮ್ಮ ಜಿಲ್ಲೆಯಲ್ಲೇ ಪಾಠ ಬೇಕಾದಷ್ಟಿದೆ. ಗುಬ್ಬಿ ವೀರಣ್ಣನವರು ನಿರ್ಮಿಸಿದ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ನಾಯಕರಾದರು, ನರಸಿಂಹರಾಜು ಹಾಸ್ಯಕ್ಕೆ ನಿಂತರು. ನರಸಿಂಹರಾಜು ತಿಪಟೂರಿನವರು, ನಾಟಕ ಕಂಪನಿಗಳಲ್ಲಿ ಬೆಳೆದವರು. ಅವರು ಹೆದರಿದ್ದನ್ನು ಗಮನಿಸಿ ನೋಡಿ, ಆ ಹೆದರಿಕೆಯಲ್ಲಿ ಒಂದಿಷ್ಟೂ ನಾಟಕ ಕಾಣಲ್ಲ. ನನ್ನ ನಟರಿಗೆ ಇದನ್ನು ಪದೇ ಪದೇ ತೋರಿಸ್ತೀನಿ.

ಇನ್ನು ಎಡಿಟಿಂಗ್. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ). ಅಣ್ಣ ಬಟ್ಟಲು ಸರಿಸಿದ ಮೇಲೆ 12 ಫ್ರೇಮ್, ಅಂದರೆ ಅರ್ಧ ಸೆಕೆಂಡು ಜಾಸ್ತಿ ಬಿಟ್ಟೆ. ನಗು ಅಲ್ಲಿ ಎದ್ದಿತು, ಮುಂದಿನ ಮಾತೂ ಮುಳುಗಲಿಲ್ಲ. ಈ ಲೆಕ್ಕ ಕಂಪ್ಯೂಟರ್ ಮುಂದೆ ಒಬ್ಬನೇ ಕೂತರೆ ಸಿಗಲ್ಲ. ಕಥೆ ಗೊತ್ತಿಲ್ಲದ ಜನರನ್ನು ಕೂರಿಸಿ ತೋರಿಸ್ತೀನಿ, ನಾನು ಪರದೆ ಬಿಟ್ಟು ಅವರ ಮುಖ ನೋಡ್ತೀನಿ. ಹಿನ್ನೆಲೆ ಸಂಗೀತ ಆಗ ಇರೋದೇ ಇಲ್ಲ. ಚಟ್ನಿಗೆ ಕೈ ಹೋದಾಗ ಒಂದು 'ಟೊಯ್ಂ' ಹಾಕೋಣ ಅಂತ ಹುಡುಗರು ಕೇಳಿದ್ದರು. ಒಪ್ಪಲಿಲ್ಲ. ಸದ್ದಿಲ್ಲದೆ ನಗು ಬರದಿದ್ದರೆ ದೃಶ್ಯವನ್ನೇ ಮತ್ತೆ ಬರೀತೀನಿ.