ಲ್ಯಾಬಿನ ಡ್ರಾಪರ್ ಬಾಟಲಿ ನಾನು ತುಂಬುವ ರೀತಿ

ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್‌ಗೆ 30 ಅಂಕ. ಅದರಲ್ಲಿ ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಲವಣದಲ್ಲಿ ಏನೇನಿದೆ ಎಂದು ಪತ್ತೆಹಚ್ಚುವ ಭಾಗ, ಪೂರ್ತಿ ನಿಂತಿರುವುದು ಮೇಜಿನ ಮೇಲೆ ಸಾಲಾಗಿ ಇಟ್ಟ ಡ್ರಾಪರ್ ಬಾಟಲಿಗಳ ಮೇಲೆ. ಮಕ್ಕಳು ವರ್ಷವೆಲ್ಲ ಓದಿ ಬಂದಿರುತ್ತಾರೆ. ಬಾಟಲಿಯೊಳಗಿನ ದ್ರಾವಣವೇ ಕೆಟ್ಟಿದ್ದರೆ ಅವರ ಓದು ಏನು ಮಾಡೀತು? ನಾನು ತಾಳಿಕೋಟೆ ಕಡೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಬಾಟಲಿ ತುಂಬುವ ಕೆಲಸವನ್ನು ಬೇರೆಯವರಿಗೆ ಬಿಡುವುದಿಲ್ಲ. ನಾನು ಮತ್ತು ನಮ್ಮ ಅಟೆಂಡರ್ ಕಾಕಾ, ಇಬ್ಬರೇ ಕೂತು ಮಾಡುತ್ತೇವೆ. ಹುಡುಗರ ಉತ್ತರ ತಪ್ಪಾದರೆ ಮೊದಲು ಅವರ ಮುಂದಿನ ಬಾಟಲಿ ನೋಡುತ್ತೇನೆ, ಆಮೇಲೆ ಅವರನ್ನು ಕೇಳುತ್ತೇನೆ.

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ತೊಂದರೆ ನೀರಿನದು. ಡೋಣಿ ಹೊಳೆಯ ನೀರು ಉಪ್ಪು. ದಂಡೆಯ ಊರುಗಳಲ್ಲಿ ಬೋರ್ ನೀರೂ ಸವಳು. ಕುಡಿದರೆ ನಾಲಿಗೆಗೇ ಗೊತ್ತಾಗುತ್ತದೆ. ಈ ನೀರಿನಲ್ಲಿ ಕ್ಲೋರೈಡ್ ಇದೆ, ಸಲ್ಫೇಟ್ ಇದೆ. ಸಾಲ್ಟ್ ಅನಾಲಿಸಿಸ್‌ನಲ್ಲಿ ನಾವು ಹುಡುಕುವುದೂ ಇವನ್ನೇ ಅಲ್ವಾ? ಒಮ್ಮೆ ಒಬ್ಬ ಹುಡುಗಿ ಗಾಬರಿಯಿಂದ ಟೆಸ್ಟ್ ಟ್ಯೂಬ್ ಹಿಡಿದು ಬಂದಳು. 'ಸರ್, ನಾ ಇನ್ನಾ ಸಾಲ್ಟ್ ಹಾಕೇ ಇಲ್ರೀ, ಆಗ್ಲೇ ಬೆಳ್ಳಗಾತ್ರೀ' ಎಂದಳು. ಟ್ಯೂಬನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದಳು. ತಳದಲ್ಲಿ ಉಳಿದಿದ್ದ ಒಂದೆರಡು ಹನಿ ನೀರಿಗೆ ಸಿಲ್ವರ್ ನೈಟ್ರೇಟ್ ಬಿದ್ದಿತ್ತು. ಕ್ಲೋರೈಡ್ ತಾಗಿದರೆ ಬೆಳ್ಳಗಾಗುವ ದ್ರಾವಣ ಅದು. ತೆಳು ಮಜ್ಜಿಗೆಯ ಹಾಗೆ ಬಿಳಿಯಾಗಲು ಅಷ್ಟೇ ಸಾಕು. ಟ್ಯೂಬಿಗೇ ಹೀಗಾದರೆ, ಬಾಟಲಿ ತೊಳೆದ ನೀರಿನಿಂದ ಏನಾಗುತ್ತದೆ ಎಂದು ಯೋಚಿಸಿ. ಇಡೀ ಬಾಟಲಿ ಸಿಲ್ವರ್ ನೈಟ್ರೇಟ್ ಮಂಕಾಗಿ ಹೋಗುತ್ತದೆ. ಅದೇನು ಸಸ್ತಾ ಸಿಗುವ ವಸ್ತುವೇ?

ಹಾಗಾಗಿ ತುಂಬುವ ಮೊದಲು ನೀರನ್ನೇ ಪರೀಕ್ಷೆ ಮಾಡುತ್ತೇನೆ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಹೊಸದಾಗಿ ಬಂದಾಗಲೆಲ್ಲ ಸ್ವಚ್ಛ ಟ್ಯೂಬಿನಲ್ಲಿ ಸ್ವಲ್ಪ ತೆಗೆದು, ನಾಲ್ಕು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಹಿಂದೆ ಕಪ್ಪು ಕಾಗದ ಹಿಡಿದು ನೋಡುವುದು. ಇನ್ನೊಂದು ಟ್ಯೂಬಿಗೆ ಬೇರಿಯಂ ಕ್ಲೋರೈಡ್, ಅದು ಸಲ್ಫೇಟ್ ಇದ್ದರೆ ಬೆಳ್ಳಗಾಗುತ್ತದೆ. ಎರಡೂ ತಿಳಿಯಾಗಿ ಉಳಿದರೆ ಆ ಕ್ಯಾನ್ ಪಾಸು. ಬ್ಯಾಟರಿಗೆ ಹಾಕುವ ನೀರು ಎಂದು ಅಂಗಡಿಯಲ್ಲಿ ಕೊಡುವುದರಲ್ಲಿ ಕೆಲವು ಪಾಸಾಗುತ್ತವೆ, ಕೆಲವು ಆಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ನೀರು ಕುಡಿಯಲು ಚೆನ್ನ, ಆದರೆ ಅದರಲ್ಲೂ ಲವಣ ಸ್ವಲ್ಪ ಉಳಿದಿರುತ್ತದೆ. ಲ್ಯಾಬಿಗೆ ಅದು ಬೇಡ.

ಬಾಟಲಿ ತೊಳೆಯುವುದಕ್ಕೂ ಒಂದು ಕ್ರಮವಿದೆ. ಸೋಪು ನೀರು, ಬ್ರಷ್, ನಲ್ಲಿ ನೀರು. ಗಾಜಿಗೆ ಬಿಳಿ ಕರೆ ಕಟ್ಟಿದ್ದರೆ ಸಾರರಿಕ್ತ (ನೀರು ಬೆರೆಸಿ ತೆಳು ಮಾಡಿದ) ಹೈಡ್ರೋಕ್ಲೋರಿಕ್ ಆಮ್ಲ ಸ್ವಲ್ಪ ಹಾಕಿ ಅಲ್ಲಾಡಿಸಿದರೆ ಬಿಡುತ್ತದೆ. ಸಿಲ್ವರ್ ನೈಟ್ರೇಟ್ ಬಾಟಲಿಗೆ ಮಾತ್ರ ಆ ಆಮ್ಲ ಮುಟ್ಟಿಸಬಾರದು, ಅದರಲ್ಲಿಯೇ ಕ್ಲೋರೈಡ್ ಇದೆ. ಅದಕ್ಕೆ ಸಾರರಿಕ್ತ ನೈಟ್ರಿಕ್ ಆಮ್ಲ. ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೂರು ಸಲ. ಒಂದೇ ಸಲ ಬಾಟಲಿ ತುಂಬ ಸುರಿದು ಚೆಲ್ಲುವುದಕ್ಕಿಂತ, ಸ್ವಲ್ಪ ಸ್ವಲ್ಪ ಹಾಕಿ ಮೂರು ಸಲ ಕುಲುಕಿ ಚೆಲ್ಲಿದರೆ ನೀರೂ ಉಳಿಯುತ್ತದೆ, ಬಾಟಲಿಯೂ ಹೆಚ್ಚು ಸ್ವಚ್ಛವಾಗುತ್ತದೆ. ಒಣಗಿಸಲು ಪುರುಸೊತ್ತಿಲ್ಲದಿದ್ದರೆ ಯಾವ ದ್ರಾವಣ ತುಂಬಬೇಕೋ ಅದೇ ದ್ರಾವಣದ ಒಂದೆರಡು ಮಿಲಿ ಹಾಕಿ, ಒಳಗೆಲ್ಲ ಸುತ್ತಿಸಿ ಚೆಲ್ಲುತ್ತೇನೆ. ಆಗ ಒಳಗೆ ಉಳಿದ ನೀರಿನಿಂದ ದ್ರಾವಣ ತೆಳುವಾಗುವುದಿಲ್ಲ. ಡ್ರಾಪರ್‌ಗೂ ಅಷ್ಟೇ. ರಬ್ಬರ್ ಬಲ್ಬ್ ಬಿಚ್ಚಿ, ಗಾಜಿನ ನಳಿಕೆಯನ್ನು ಬೇರೆ, ಬಲ್ಬನ್ನು ಬೇರೆ ತೊಳೆಯಬೇಕು. ಬಲ್ಬಿನೊಳಗೆ ಹಳೆಯ ದ್ರಾವಣ ಅಡಗಿ ಕೂತಿರುತ್ತದೆ. ಯಾರೂ ಅಲ್ಲಿ ನೋಡುವುದಿಲ್ಲ.

ಈಗ ತುಂಬುವ ಮಾತು. ನಮ್ಮವು 60 ಮಿಲಿಯ ಬಾಟಲಿಗಳು. ಅದಕ್ಕೆ 40 ಮಿಲಿ ಹಾಕುತ್ತೇನೆ, ಹೆಚ್ಚಿಲ್ಲ. ಕಂಠದವರೆಗೆ ತುಂಬಿದರೆ ಡ್ರಾಪರ್ ಇಳಿಸಿದ ಕೂಡಲೇ ಮಟ್ಟ ಏರಿ ಹೊರಗೆ ಒಸರುತ್ತದೆ. ಲೇಬಲ್ ಕೊಳೆಯುತ್ತದೆ, ಮಕ್ಕಳ ಕೈಗೆ ಹತ್ತುತ್ತದೆ, ರಬ್ಬರಿಗೂ ತಾಗುತ್ತದೆ. ತೀರ ಕಡಿಮೆಯಾದರೆ ಡ್ರಾಪರ್ ತುದಿ ಮುಟ್ಟುವುದಿಲ್ಲ. ಆಗ ಹುಡುಗರು ಬಾಟಲಿ ವಾಲಿಸಿ ಹೀರಲು ನೋಡುತ್ತಾರೆ.

ಬಾಯಿ ಸಣ್ಣದು. ಲಾಳಿಕೆ ಇಟ್ಟರೆ ಅದು ಬಾಯಿಗೆ ಬಿಗಿಯಾಗಿ ಕೂತು ಗಾಳಿಗೆ ದಾರಿಯಿಲ್ಲದಂತಾಗುತ್ತದೆ. ದ್ರಾವಣ ಲಾಳಿಕೆಯಲ್ಲಿ ನಿಂತು, ಆಮೇಲೆ ಬುಳಕ್ಕನೆ ಉಕ್ಕುತ್ತದೆ. ಫಿಲ್ಟರ್ ಪೇಪರ್‌ನ ಒಂದು ಪಟ್ಟಿ ಮಡಚಿ ಲಾಳಿಕೆ ಮತ್ತು ಬಾಟಲಿ ಬಾಯಿಯ ನಡುವೆ ಸಿಕ್ಕಿಸಿದರೆ ಸಾಕು, ಗಾಳಿ ಹೊರಹೋಗುತ್ತದೆ, ದ್ರಾವಣ ಸುಮ್ನೆ ಇಳಿಯುತ್ತದೆ. ಆದರೆ ನಾನು ಈಗ ಲಾಳಿಕೆ ಬಿಟ್ಟು ಜಾಸ್ತಿ ಬಳಸುವುದು ಮೆಡಿಕಲ್ ಶಾಪಿನ 20 ಮಿಲಿ ಸಿರಿಂಜ್, ಸೂಜಿ ತೆಗೆದು. ಎರಡು ಸಲ ಎಳೆದರೆ 40 ಮಿಲಿ ಸರಿಯಾಗಿ ಬರುತ್ತದೆ. ದೊಡ್ಡ ಬಾಟಲಿಯೊಳಕ್ಕೆ ಸಿರಿಂಜ್ ಎಂದೂ ಅದ್ದುವುದಿಲ್ಲ. ಬೇಕಾದಷ್ಟನ್ನು ಬೀಕರಿಗೆ ಬಗ್ಗಿಸಿಕೊಂಡು ಅದರಿಂದ ಎಳೆಯುತ್ತೇನೆ. ತುದಿಯನ್ನು ಬಾಟಲಿಯ ಒಳಗೋಡೆಗೆ ತಾಗಿಸಿ ನಿಧಾನ ಒತ್ತಿದರೆ ಸಿಡಿಯುವುದಿಲ್ಲ. ಮುಗಿದ ಮೇಲೆ ಹಿಡಿಕೆಯನ್ನು ಚೂರು ಹಿಂದಕ್ಕೆ ಎಳೆಯಬೇಕು. ತುದಿಯಲ್ಲಿ ನೇತಾಡುವ ಹನಿ ಒಳಗೆ ಹೋಗುತ್ತದೆ, ಮೇಜಿನ ಮೇಲೆ ಬೀಳುವುದಿಲ್ಲ. ಒಂದು ದ್ರಾವಣಕ್ಕೆ ಒಂದೇ ಸಿರಿಂಜ್. ಹೆಸರು ಬರೆದು ಇಟ್ಟಿದ್ದೇನೆ. ಬೀಕರಿನಲ್ಲಿ ಉಳಿದದ್ದನ್ನು ಮತ್ತೆ ದೊಡ್ಡ ಬಾಟಲಿಗೆ ಸುರಿಯುವುದಿಲ್ಲ. ಉಳಿಸಲು ಹೋಗಿ ಇಡೀ ಲೀಟರ್ ಕೆಡಿಸಿಕೊಳ್ಳುವ ಕೆಲಸ ಅದು.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ರಾಸಾಯನಿಕ ಇರಬೇಕು. ಈ ನಿಯಮದಲ್ಲಿ ನಾನು ಬಹಳ ಗಟ್ಟಿ. ಬೇರಿಯಂ ಕ್ಲೋರೈಡ್, ಸಿಲ್ವರ್ ನೈಟ್ರೇಟ್, ಸೋಡಿಯಂ ಹೈಡ್ರಾಕ್ಸೈಡ್, ಸಾರರಿಕ್ತ ಆಮ್ಲಗಳು, ಎಲ್ಲವೂ ನೀರಿನಂತೆಯೇ ಕಾಣುತ್ತವೆ. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಮೊದಲು ಲೇಬಲ್ ಅಂಟಿಸಿ, ಆಮೇಲೆ ತುಂಬುವುದು. ಹೆಸರು, ಸಾಂದ್ರತೆ, ತುಂಬಿದ ತಾರೀಖು ಬರೆದು ಮೇಲೆ ಟೇಪ್ ಹಚ್ಚುತ್ತೇವೆ. ಬೇರಿಯಂ ಲವಣ ವಿಷ. ಅದನ್ನು ತುಂಬಿದ ಮೇಲೆ ಕೈ ತೊಳೆಯದೆ ಕಾಕಾಗೆ ಚಹಾ ಮುಟ್ಟಲು ಬಿಡುವುದಿಲ್ಲ.

ಡ್ರಾಪರ್ ಅದಲುಬದಲಾಗುವುದು ಇನ್ನೊಂದು ಕಾಟ. ನಾಲ್ಕು ಜನ ಒಂದೇ ಮೇಜಿನಲ್ಲಿ ಅವಸರದಲ್ಲಿರುತ್ತಾರೆ. ಸಲ್ಫ್ಯೂರಿಕ್ ಆಮ್ಲದ ಡ್ರಾಪರ್ ಬೇರಿಯಂ ಕ್ಲೋರೈಡ್ ಬಾಟಲಿಗೆ ಹೋದರೆ ಮುಗಿಯಿತು, ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಇದಕ್ಕೆ ಉಪಾಯ ಹೇಳಿದ್ದು ಕಾಕಾ. ಕಾರಹುಣ್ಣಿಮೆ ಬಂದಾಗ ಎತ್ತಿನ ಕೋಡಿಗೆ ಹಚ್ಚುವ ಬಣ್ಣದ ಸಣ್ಣ ಡಬ್ಬಿಗಳು ಪೇಟೆಯಲ್ಲಿ ಸಿಗುತ್ತವಲ್ಲ, ಅವನ್ನು ಅವರು ತಂದರು. ಬಾಟಲಿಯ ಕಂಠಕ್ಕೆ ಒಂದು ಬಣ್ಣದ ಗೆರೆ, ಅದೇ ಬಾಟಲಿಯ ಡ್ರಾಪರ್ ನಳಿಕೆಗೆ ಬಲ್ಬಿನ ಹತ್ತಿರ ಅದೇ ಬಣ್ಣದ ಗೆರೆ. ಹಳದಿಗೆ ಹಳದಿ, ಕೆಂಪಿಗೆ ಕೆಂಪು. ಲೇಬಲ್ ಓದದ ಹುಡುಗನೂ ಬಣ್ಣ ನೋಡುತ್ತಾನೆ.

ಎಲ್ಲ ದ್ರಾವಣವೂ ಡ್ರಾಪರ್ ಬಾಟಲಿಗೆ ಆಗಿಬರುವುದಿಲ್ಲ. ಸಾಂದ್ರ ನೈಟ್ರಿಕ್ ಆಮ್ಲ ರಬ್ಬರನ್ನು ತಿಂದುಬಿಡುತ್ತದೆ. ಅಯೋಡಿನ್ ಕೂಡ ರಬ್ಬರಿಗೆ ಆಗದು. ಇವನ್ನು ಗಾಜಿನ ಮುಚ್ಚಳದ ಬಾಟಲಿಯಲ್ಲೇ ಇಡುತ್ತೇನೆ. ಸೋಡಿಯಂ ಹೈಡ್ರಾಕ್ಸೈಡ್‌ಗೆ ಇದರ ಉಲ್ಟಾ. ಗಾಜಿನ ಮುಚ್ಚಳ ಹಾಕಿದರೆ ಕಚ್ಚಿಕೊಂಡು ಕೂರುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಬಾಟಲಿ. ಸಿಲ್ವರ್ ನೈಟ್ರೇಟ್‌ಗೆ ಕಂದು ಬಾಟಲಿ ಬೇಕೇ ಬೇಕು, ಬೆಳಕಿಗೆ ಕಪ್ಪಾಗುತ್ತದೆ. ಅದನ್ನು 250 ಮಿಲಿಗಿಂತ ಹೆಚ್ಚು ಮಾಡಿಟ್ಟುಕೊಳ್ಳುವುದಿಲ್ಲ. 0.1 ಮೋಲಾರ್ ಸಾಂದ್ರತೆಗೆ 4.25 ಗ್ರಾಂ ತೂಗಿದರೆ ಆಯಿತು. ಗ್ಲೌಸ್ ಇಲ್ಲದೆ ಮುಟ್ಟಿದರೆ ಆಗ ಏನೂ ಕಾಣುವುದಿಲ್ಲ, ಆಮೇಲೆ ಬೆರಳು ಕಪ್ಪಾಗಿ ದಿನಗಟ್ಟಲೆ ಉಳಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಮೋನಿಯಾ ಬಾಟಲಿಗಳನ್ನು ದೂರ ಇಡಿ. ಎರಡರ ಹಬೆ ಸೇರಿ ಅಮೋನಿಯಂ ಕ್ಲೋರೈಡ್ ಆಗಿ, ಅಕ್ಕಪಕ್ಕದ ಬಾಟಲಿಗಳ ಮೇಲೆಲ್ಲ ಬಿಳಿ ಧೂಳು ಕೂರುತ್ತದೆ. ಪರ್ಮಾಂಗನೇಟ್‌ನಿಂದ ಗಾಜಿಗೆ ಹಿಡಿದ ಕಂದು ಕಲೆಗೆ ಆಕ್ಸಾಲಿಕ್ ಆಮ್ಲಕ್ಕೆ ಸ್ವಲ್ಪ ಸಾರರಿಕ್ತ ಸಲ್ಫ್ಯೂರಿಕ್ ಬೆರೆಸಿ ಹಾಕಿದರೆ ಉಜ್ಜುವ ಕೆಲಸವೇ ಇಲ್ಲ. ಟೈಟ್ರೇಷನ್‌ಗೆ (ದ್ರಾವಣದ ಸಾಂದ್ರತೆ ಅಳೆಯುವ ಪ್ರಯೋಗಕ್ಕೆ) ಮಾಡಿದ ಆಕ್ಸಾಲಿಕ್ ಆಮ್ಲ ಲ್ಯಾಬಿನಲ್ಲಿ ಇದ್ದೇ ಇರುತ್ತದೆ.

ಪ್ರತ್ಯಾಮ್ಲದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುವ ಸೂಚಕ ಫಿನಾಲ್ಫ್ತಲೀನ್ ಬಗ್ಗೆ ಒಂದು ಮಾತು. ಅದು ಆಲ್ಕೋಹಾಲ್‌ನಲ್ಲಿ ಕರಗಿರುವಂಥದ್ದು. ನಮ್ಮ ಕಡೆ ಬಿಸಿಲು ಏರಿದಾಗ ಅದರ ಡ್ರಾಪರ್ ತಾನಾಗಿಯೇ ತೊಟ್ಟಿಕ್ಕುತ್ತದೆ. ಒಳಗೆ ಆಲ್ಕೋಹಾಲ್ ಆವಿಯಾಗಿ ಹನಿಗಳನ್ನು ಹೊರಗೆ ತಳ್ಳುತ್ತದೆ. ಎರಡು ಮೂರು ಸಲ ಎಳೆದು ಬಿಟ್ಟು, ನಳಿಕೆಯೊಳಗೆ ಆವಿ ತುಂಬಿಕೊಂಡ ಮೇಲೆ ಎಳೆದರೆ ನಿಲ್ಲುತ್ತದೆ. ಅದರ ಹನಿಯೂ ಸಣ್ಣದು. ನೀರಿನಂಥ ದ್ರಾವಣವಾದರೆ ಸುಮಾರು 20 ಹನಿಗೆ ಒಂದು ಮಿಲಿ. ಆಲ್ಕೋಹಾಲ್ ಆದರೆ ಅದೇ ಡ್ರಾಪರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಹನಿ ಬೇಕು. ಡ್ರಾಪರ್ ಓರೆ ಹಿಡಿದರೂ ಹನಿಯ ಗಾತ್ರ ಬದಲಾಗುತ್ತದೆ. ನೆಟ್ಟಗೆ ಹಿಡಿಯಿರಿ, ಟ್ಯೂಬಿನ ಗೋಡೆಗೆ ತಾಗಿಸಬೇಡಿ, ತಲೆಕೆಳಗು ಮಾಡಬೇಡಿ ಎಂದು ಮೊದಲ ಕ್ಲಾಸಿನಲ್ಲೇ ಮಾಡಿ ತೋರಿಸುತ್ತೇನೆ. ತಲೆಕೆಳಗಾದರೆ ದ್ರಾವಣ ಬಲ್ಬಿಗೆ ಇಳಿದು, ರಬ್ಬರಿನ ಕೊಳೆಯನ್ನು ಹೊತ್ತು ಬಾಟಲಿಗೆ ವಾಪಸ್ ಬರುತ್ತದೆ.

ಪರೀಕ್ಷೆಯ ದಿನ ಬೇರೆ ಕಾಲೇಜಿನ ಎಕ್ಸಾಮಿನರ್ ಬರುವ ಮೊದಲೇ ಪ್ರತಿ ಮೇಜಿನಿಂದ ಒಂದೊಂದು ಸೆಟ್ ತೆಗೆದು, ಗೊತ್ತಿರುವ ಸಾಲ್ಟ್ ಮೇಲೆ ನಾನೇ ಪೂರ್ತಿ ಪರೀಕ್ಷೆ ಮಾಡಿ ನೋಡುತ್ತೇನೆ. ಜೊತೆಗೆ ಬರೀ ಡಿಸ್ಟಿಲ್ಡ್ ವಾಟರ್ ಮೇಲೂ. ನೀರಿನ ಟ್ಯೂಬಿನಲ್ಲಿ ಏನಾದರೂ ಕಂಡರೆ ಆ ಸೆಟ್ ಹೊರಗೆ.

ಪ್ರಾಕ್ಟಿಕಲ್ ಮುಗಿದ ಮೇಲೆ ಸಿಲ್ವರ್ ಇರುವ ತ್ಯಾಜ್ಯವನ್ನು ಸಿಂಕಿಗೆ ಚೆಲ್ಲದೆ ಬೇರೆ ಜಾಡಿಯಲ್ಲಿ ಕೂಡಿಸುತ್ತೇವೆ. ಬಾಟಲಿಗಳನ್ನು ಖಾಲಿ ಮಾಡಿ, ತೊಳೆದು, ಬಲ್ಬುಗಳನ್ನೆಲ್ಲ ಬಿಚ್ಚಿ ಒಂದು ಡಬ್ಬಿಗೆ ಹಾಕಿ ನೆರಳಿನ ಕಪಾಟಿನಲ್ಲಿ ಇಡುತ್ತೇವೆ. ನಳಿಕೆಗೇ ಸಿಕ್ಕಿಸಿ ಬಿಟ್ಟರೆ ಏಪ್ರಿಲ್, ಮೇ ತಿಂಗಳ ಸೆಕೆಗೆ ರಬ್ಬರ್ ಅಂಟಂಟಾಗಿ, ಜೂನ್‌ನಲ್ಲಿ ಬಿಚ್ಚಲು ಹೋದರೆ ಹರಿದು ಕೈಗೆ ಬರುತ್ತದೆ.