ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ: ವಾರ್ಡಿನಲ್ಲಿ ನ್ಯೂಸ್-2 ಬಳಸುವ ಬಗೆ

"ಯಾಕೋ ಪೇಷೆಂಟ್ ಸರಿ ಕಾಣ್ತಿಲ್ಲ ಸರ್" ಎಂದು ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಡ್ಯೂಟಿ ಡಾಕ್ಟರಿಗೆ ಏನೂ ಅಂದಾಜು ಸಿಗುವುದಿಲ್ಲ. ಆ ಆತಂಕವನ್ನೇ ಅಂಕದಲ್ಲಿ ಹೇಳಲು ಮೆಡಿಕಲ್ ವಾರ್ಡಿನಲ್ಲಿ ನಾವು ಬಳಸುವುದು ನ್ಯೂಸ್-2 (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಚಾರ್ಟ್, ಅಂದರೆ ರೋಗಿ ಹದಗೆಡುವ ಮುನ್ಸೂಚನೆ ಕೊಡುವ ಅಂಕಪಟ್ಟಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು, 2017ರಲ್ಲಿ ತಿದ್ದಿದ ಪದ್ಧತಿ ಇದು. ಉಸಿರಾಟ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾವಾರು), ಆಕ್ಸಿಜನ್ ಹಾಕಿದೆಯೋ ಇಲ್ಲವೋ, ಮೇಲಿನ ಬಿಪಿ, ನಾಡಿ, ಪ್ರಜ್ಞೆ, ಜ್ವರ: ಏಳಕ್ಕೂ ಅಂಕ ಹಾಕಿ ಕೂಡಬೇಕು; ಮೊತ್ತ ಏರಿದಷ್ಟೂ ಅಪಾಯ ಹೆಚ್ಚು.

ಮೊದಲು ಕೆಡುವುದು ಉಸಿರಾಟದ ಲೆಕ್ಕ. ಉಳಿದ ಹೆಚ್ಚಿನವನ್ನು ಮಷಿನ್ ತೋರಿಸುತ್ತದೆ, ಇದನ್ನು ಕಣ್ಣಲ್ಲೇ ಎಣಿಸಬೇಕು. ಹಾಗಾಗಿ ಹಿಂದಿನ ಪಾಳಿಯ 18 ಅನ್ನೇ ಇಳಿಸಿಕೊಳ್ಳುವ ಚಾಳಿ. ಅದರಿಂದ ಏನಾಗುತ್ತದೆ ನೋಡಿ. ಉಸಿರು 22 (ಅಂಕ 2), ಆಕ್ಸಿಜನ್ ಇಲ್ಲದೆ ಸ್ಯಾಚುರೇಷನ್ 95 (1), ಬಿಪಿ 108 (1), ನಾಡಿ 104 (1), ಜ್ವರ 38.4 ಸೆಲ್ಸಿಯಸ್ (1), ಪೂರ್ತಿ ಎಚ್ಚರ (0). ಬಿಡಿಬಿಡಿಯಾಗಿ ಯಾವುದೂ ಹೆದರಿಸುವುದಿಲ್ಲ, ಆದರೆ ಮೊತ್ತ 6. 5 ಮುಟ್ಟಿತೆಂದರೆ ಡಾಕ್ಟರ್ ತುರ್ತಾಗಿ ನೋಡಬೇಕು, ಗಂಟೆಗೊಮ್ಮೆ ತಪಾಸಣೆ ಆಗಬೇಕು. ಉಸಿರು 18 ಎಂದು ಬರೆದಿರೋ, ಮೊತ್ತ 4. ಮುಂದಿನ ತಪಾಸಣೆ ನಾಲ್ಕಾರು ಗಂಟೆ ಆಚೆಗೆ ಹೋಯಿತು.

15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದೂ ಬೇಡ. ಒಂದು ಉಸಿರು ತಪ್ಪಿದರೆ 24 ಹೋಗಿ 20 ಆಗುತ್ತದೆ, ಅಂಕ 2 ಹೋಗಿ ಸೊನ್ನೆ. ನಾಡಿ ನೋಡಲು ಹಿಡಿದ ರೋಗಿಯ ಕೈಯನ್ನು ಅವರ ಎದೆಯ ಮೇಲಿಟ್ಟು, ನಾಡಿ ನೋಡುತ್ತಿರುವ ಹಾಗೆಯೇ 60 ಸೆಕೆಂಡ್ ಎಣಿಸಿ. ಮೊದಲೇ ಹೇಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ.

ಇನ್ನೊಂದು, ರೋಗಿಗೆ ಹೊಸದಾಗಿ ಬಂದ ಮನಸ್ಸಿನ ಗೊಂದಲ. "ನಿದ್ದೆ ಇಲ್ಲ, ಅದಕ್ಕೇ ಏನೇನೋ ಮಾತಾಡ್ತಾರೆ" ಎಂದು ಮನೆಯವರು ಹೇಳಿದರೂ ಅದೊಂದಕ್ಕೇ 3 ಅಂಕ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದು ಖಚಿತವಾಗಿದ್ದರೆ ಮಾತ್ರ, ಡಾಕ್ಟರ್ ಬರೆದುಕೊಟ್ಟ ಮೇಲೆ, ಸ್ಯಾಚುರೇಷನ್ನಿಗೆ ಚಾರ್ಟಿನ ಎರಡನೇ ಸ್ಕೇಲ್ ಬಳಸಿ. ಅಲ್ಲಿ ಗುರಿ 88ರಿಂದ 92.

ಫೋನಿನಲ್ಲಿ ಎಸ್‌ಬಾರ್ ಕ್ರಮ (ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಬೇಡಿಕೆ ಎಂಬ ನಾಲ್ಕು ಹಂತ): "7ನೇ ಬೆಡ್, ನ್ಯೂಸ್ 6, ಮೊದಲು 3 ಇತ್ತು. ನ್ಯುಮೋನಿಯಾ, ಎರಡನೇ ದಿನ. ಉಸಿರು 22, ಬಿಪಿ 108, ಸೆಪ್ಸಿಸ್ ಅನುಮಾನ. 20 ನಿಮಿಷದೊಳಗೆ ಬರ್ತೀರಾ? ಬ್ಲಡ್ ಕಲ್ಚರ್ ತೆಗೆಯಲಾ?" (ಸೆಪ್ಸಿಸ್ ಎಂದರೆ ಸೋಂಕಿನಿಂದ ಅಂಗಾಂಗಗಳಿಗೇ ಕುತ್ತು ಬರುವ ಸ್ಥಿತಿ; ಬ್ಲಡ್ ಕಲ್ಚರ್ ಎಂದರೆ ರಕ್ತದಲ್ಲಿ ಸೋಂಕು ಹುಡುಕುವ ಪರೀಕ್ಷೆ.) ಹೊಸಬರು ಮೂರನೆಯದಕ್ಕೇ ನಿಲ್ಲಿಸಿ "ನೋಡಿ ಸರ್" ಅನ್ನುತ್ತಾರೆ. ಏನು ಬೇಕೆಂದು ಕೇಳುವ ನಾಲ್ಕನೆಯದೇ ಮುಖ್ಯ. ಕೊಟ್ಟ ಆರ್ಡರನ್ನು ಅವರಿಗೇ ಓದಿ ಹೇಳಿ, ಸಮಯ ಹಾಕಿ ಬರೆಯಿರಿ.

16 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಈ ಚಾರ್ಟ್ ಬಳಸಬಾರದು. ಮೊತ್ತ ಬರೀ 2 ಇದ್ದು ರೋಗಿ ಬೆವರಿ ಬಿಳಿಚಿಕೊಂಡಿದ್ದರೆ, ಅಂಕ ಏರಲಿ ಎಂದು ಕಾಯದೆ ಕರೆಯಿರಿ.