ಜಯಧರ ಬೀಜವನ್ನು ಜಿನ್ನಿಂದ ದೂರ ಇಟ್ಟು ಉಳಿಸಿದ್ದು: ನನ್ನ ಅನುಭವ

ಅಣ್ಣಿಗೇರಿ ಸೀಮೆಯ ನಮ್ಮ ಎರೆಹೊಲದಲ್ಲಿ ಮತ್ತೆ ಶುದ್ಧ ಜಯಧರ ಹತ್ತಿ, ಅಂದರೆ ನಮ್ಮ ಕಡೆಯ ಹಳೆಯ ಜವಾರಿ (ದೇಸಿ) ತಳಿ, ನಿಂತಿದೆ. ನಾಲ್ಕೈದು ಸುಗ್ಗಿ ಆಯಿತು, ಈಗ ಬೆರಕೆ ಗಿಡ ಹುಡುಕಿದರೂ ಸಿಗುವುದಿಲ್ಲ. ಶುರು ಮಾಡಿದಾಗ ನಂಬಿದವರು ಒಬ್ಬರೂ ಇರಲಿಲ್ಲ. "ಸುತ್ತ ಎಲ್ಲಾ ಬಿಟಿ ಹತ್ತಿ ಐತಿ ತಮ್ಮಾ, ಅದರ ಪರಾಗ ಬಿದ್ದು ನಿನ್ನ ಜವಾರಿ ಒಂದ ವರ್ಷದಾಗ ಕೆಟ್ಟು ಹೋಗ್ತೈತಿ" ಅಂತ ನಮ್ಮ ಕಾಕಾನೇ ಹೇಳಿದ್ದರು. ಬೀಜದಂಗಡಿಯವರು, ದಲಾಲರು ಎಲ್ಲರದೂ ಅದೇ ಮಾತು. ಈಗ ಬೀಜ ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೂರಿಗೆ, ಎಡೆ, ಸಗಣಿ ಸವರಿ ಹತ್ತಿಕಾಳು ಬಿತ್ತುವುದು ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಮೊದಲು ಪರಾಗದ ಭಯ ಬಿಡಿ. ಬಿಟಿ ಅಂದರೆ ಕಾಯಿಕೊರಕ ಹುಳ ತಡೆಯುವ ಗುಣ ಸೇರಿಸಿದ ಕಂಪನಿ ಹತ್ತಿ. ಅದು ಅಮೇರಿಕನ್ ಜಾತಿ, ಅದರಲ್ಲಿ 52 ಕ್ರೋಮೋಸೋಮು (ವಂಶದ ಗುಣ ಒಯ್ಯುವ ಎಳೆಗಳು). ಜಯಧರದಲ್ಲಿ 26. ಹೊಲದಲ್ಲಿ ಇವೆರಡು ಸುಲಭವಾಗಿ ಕೂಡುವುದಿಲ್ಲ. ಎಲ್ಲೋ ಒಂದು ಕೂಡಿದರೂ ಹುಟ್ಟಿದ ಗಿಡ ಬಂಜೆ. ಬದುವಿನ ಆಚೆ ಬಿಟಿ ಇದ್ದರೂ ನನ್ನ ಬೀಜಕ್ಕೆ ಏನೂ ಆಗಲಿಲ್ಲ.

ಜವಾರಿ ಕೆಟ್ಟಿದ್ದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಹತ್ತು ಊರಿನ ಹತ್ತಿ ಒಂದೇ ಗುಡ್ಡೆಗೆ ಬೀಳುತ್ತದೆ. ಅರಳೆ ಒಂದು ಕಡೆ, ಹತ್ತಿಕಾಳು ಇನ್ನೊಂದು ಕಡೆ. ಅದೇ ಕಾಳನ್ನು ಹಿರಿಯರು ಬಿತ್ತನೆಗೆ ವಾಪಸ್ ತರುತ್ತಿದ್ದರು. ಯಾವ ಹೊಲದ ಬೀಜ ಯಾವುದು ಅಂತ ಯಾರಿಗೆ ಗೊತ್ತು? ಇದು ಇವತ್ತಿನ ಕತೆಯೂ ಅಲ್ಲ. ಧಾರವಾಡ ಸೀಮೆಗೆ ಅಮೇರಿಕನ್ ಹತ್ತಿ ಬಂದಿದ್ದು 1840ರ ದಶಕದಲ್ಲಿ. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಿತು, ನಮ್ಮ ಕಡೆ ರೇಟು ಗಗನಕ್ಕೆ ಹೋಯಿತು. ಬೆರಕೆ ಎಷ್ಟು ನಡೆಯಿತು ಅಂದರೆ 1863ರಲ್ಲಿ ಮುಂಬೈ ಸರ್ಕಾರ ಹತ್ತಿ ಮೋಸ ತಡೆಯುವ ಕಾಯ್ದೆಯನ್ನೇ ತಂದಿತು. 1925ರಲ್ಲಿ ಜಿನ್ನು, ಪ್ರೆಸ್ಸುಗಳ ಮೇಲೆ ಇನ್ನೊಂದು ಕಾಯ್ದೆ ಬಂತು. ಅವೆಲ್ಲ ಗಿರಣಿಯ ನೂಲಿನ ಸಲುವಾಗಿ. ರೈತನ ಬೀಜದ ಸಲುವಾಗಿ ಅಲ್ಲ.

ಗಿರಣಿಗೆ ಬೇಕಾದದ್ದು ಉದ್ದ ಎಳೆ, ಎಲ್ಲಾ ಒಂದೇ ಸಮ. ಜಯಧರದ ಎಳೆ 20-22 ಮಿಲಿಮೀಟರ್ ಅಷ್ಟೇ. ಧಾರವಾಡದಲ್ಲೇ ಹತ್ತಿ ವಿಜ್ಞಾನಿ ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಕೊಟ್ಟರು. ಅದು ದೊಡ್ಡ ಕೆಲಸ. ನಮ್ಮ ಮನೆಯವರು ಕೈತುಂಬ ದುಡ್ಡು ನೋಡಿದ್ದೇ ಆ ಹತ್ತಿಯಿಂದ. ಆದರೆ ಹೈಬ್ರಿಡ್ ಬೀಜ ಮರುವರ್ಷಕ್ಕೆ ಕಟ್ಟಿಡಲು ಬರುವುದಿಲ್ಲ, ಅದೇ ಗುಣ ಉಳಿಯುವುದಿಲ್ಲ, ಅಲ್ವಾ? 2002ರಲ್ಲಿ ಬಿಟಿ ಬಂದ ಮೇಲೆ ಬೀಜ ಅಂದರೆ ಪ್ಯಾಕೆಟ್ಟು ಅಂತಾಯಿತು. ಈಗ ಇಡೀ ಹೊಲದ ಗಿಡಗಳು ಒಂದೇ ತಂದೆ ತಾಯಿಯ ಮಕ್ಕಳು. ಮಳೆ ತಪ್ಪಿದರೆ ಎಲ್ಲಾ ಒಟ್ಟಿಗೆ ಬಾಡುತ್ತವೆ, ರೋಗ ಬಂದರೆ ಎಲ್ಲಾ ಒಟ್ಟಿಗೆ ಮಲಗುತ್ತವೆ.

ನನ್ನ ಮೊದಲ ಪ್ರಯತ್ನ ಪೂರ್ತಿ ಮುಳುಗಿತು. ಜಯಧರ ಅಂತ ಚೀಟಿ ಅಂಟಿಸಿದ ಬೀಜ ಒಂದು ಕಡೆಯಿಂದ ತಂದೆ. ಹುಟ್ಟಿದ ಮೇಲೆ ನೋಡಿದರೆ ಮೂರು ತರಹದ ಎಲೆ. ಹೂವಿನಲ್ಲಿ ಗೊತ್ತಾಗಿಯೇ ಹೋಯಿತು. ಜಯಧರದ್ದು ಹಳದಿ ಹೂವು, ಬುಡದಲ್ಲಿ ಕಡುಗೆಂಪು ಮಚ್ಚೆ. ಅರ್ಧಕ್ಕರ್ಧ ಗಿಡದಲ್ಲಿ ಕೆನೆಬಣ್ಣದ ಅಮೇರಿಕನ್ ಹೂವು. ಎಲ್ಲಾ ಕಿತ್ತು ಹಾಕಿದೆ. ಒಂದು ಎಕರೆಯಲ್ಲಿ ಹನ್ನೆರಡು ಹದಿಮೂರು ಸಾವಿರ ಮಣ್ಣುಪಾಲು.

ಕೊನೆಗೆ ಒಳ್ಳೆ ಬೀಜ ಸಿಕ್ಕಿದ್ದು ನರಗುಂದದ ಕಡೆ, ದೀಪದ ಬತ್ತಿ ಹೊಸೆಯುವ ಒಬ್ಬ ಅಜ್ಜಿಯ ಹಿತ್ತಲಲ್ಲಿ. ಅವರ ಹತ್ತಿ ಯಾವತ್ತೂ ಜಿನ್ನಿಗೆ ಹೋಗಿಲ್ಲ, ಅಲ್ಲೇ ಕೈಯಲ್ಲೇ ಕಾಳು ಬಿಡಿಸಿದ್ದು. ಒಂದೆರಡು ಸೇರು ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಆದರೆ ಒಂದೇ ಹಿತ್ತಲಿನ ಬೀಜ ಅಂದರೆ ಎಲ್ಲಾ ಒಡಹುಟ್ಟಿದವು. ಅದನ್ನಷ್ಟೇ ಬೆಳೆಸಿದರೆ ಕಂಪನಿ ಪ್ಯಾಕೆಟ್ಟಿಗೂ ನನಗೂ ಏನು ವ್ಯತ್ಯಾಸ? ಅದಕ್ಕೇ ಕುಂದಗೋಳ, ಶಿರಹಟ್ಟಿ, ಸವಣೂರು ಕಡೆ ಅಲೆದೆ. ಇದೇ ತರಹ ಬತ್ತಿಗೆ, ಗಾದಿಗೆ ಅಂತ ಮನೆಮಟ್ಟಿಗೆ ಬೆಳೆಯುವವರ ಹತ್ತಿರ ಮುಷ್ಟಿ ಮುಷ್ಟಿ ಕೂಡಿಸಿದೆ. ಬೈಕಿನ ಪೆಟ್ರೋಲಿಗೇ ಐದಾರು ಸಾವಿರ ಹೋಗಿರಬೇಕು.

ಬೀಜಕ್ಕೆ ಗಿಡ ಆರಿಸುವಾಗ ನನ್ನದು ಒಂದು ಹಟ. ಬರೀ ದೊಡ್ಡ ಕಾಯಿಯ ಗಿಡ ಆರಿಸುವುದಿಲ್ಲ. ಬೇಗ ಕಾಯಿ ಒಡೆಯುವುದು, ತಡ ಆಗುವುದು, ಗಿಡ್ಡದ್ದು, ಹರಡಿಕೊಂಡದ್ದು, ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ತೆಗೆಯುತ್ತೇನೆ. ಕಡಿಮೆ ಅಂದರೂ ನೂರೈವತ್ತು ಇನ್ನೂರು ಗಿಡ. ಒಂದು ವರ್ಷ ಹಿಂಗಾರಿ ಮಳೆ ಕೈಕೊಟ್ಟಿತು, ಬೇಗ ಒಡೆಯುವ ಗಿಡಗಳೇ ಖರ್ಚಿನ ದುಡ್ಡು ಹುಟ್ಟಿಸಿದವು. ಇನ್ನೊಂದು ವರ್ಷ ಅಕಾಲದ ಮಳೆಗೆ ಮೊದಲ ಹತ್ತಿ ತೊಯ್ದು ಕಪ್ಪಾಯಿತು. ಆಗ ಕೈಹಿಡಿದಿದ್ದು ತಡದ ಗಿಡ. ಇಂಥ ಏರುಪೇರು ಗಿರಣಿಗೆ ಬೇಡ, ನನಗೆ ಬೇಕು.

ಇನ್ನು ಜಿನ್ನು. ಕೈಯಲ್ಲಿ ಬಿಡಿಸಿದರೆ ದಿನಕ್ಕೆ ಒಬ್ಬರು ಎರಡು ಕಿಲೋ ಮುಟ್ಟುವುದು ಕಷ್ಟ. ಹಿಂದೆ ನಮ್ಮ ಕಡೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸರಳನ್ನು ಕಾಲಿಂದ ಉರುಳಿಸಿ ಕಾಳು ಬೇರೆ ಮಾಡುತ್ತಿದ್ದರು. ಅದೇ ತತ್ವದ ಮೇಲೆ ಎರಡು ರೋಲರಿನ ಸಣ್ಣ ಯಂತ್ರ ಮಾಡಿಸಿದೆ. ಹುಬ್ಬಳ್ಳಿ ಗೋಕುಲ ರಸ್ತೆಯ ಕಡೆಯ ಒಂದು ಲೇತ್ ಅಂಗಡಿ, ಅರ್ಧ ಎಚ್‌ಪಿ ಮೋಟರು, ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರದ ಸುತ್ತಮುತ್ತ. ಮೊದಲ ರೋಲರು ಕಾಳನ್ನೇ ನುಗ್ಗು ಮಾಡಿತು. ಹತ್ತು ಕಾಳು ಊರಿದರೆ ನಾಲ್ಕು ಮೊಳಕೆ. ಎರಡನೆಯದರಲ್ಲಿ ಕಾಳು ಉಳಿಯಿತು, ಅರಳೆ ಸುತ್ತಿಕೊಂಡು ಮೋಟರು ಸುಟ್ಟಿತು. ಮೂರನೆಯದು ಇವತ್ತಿಗೂ ಓಡುತ್ತಿದೆ, ಹತ್ತರಲ್ಲಿ ಎಂಟು ಒಂಬತ್ತು ಮೊಳೆಯುತ್ತವೆ. ರೋಲರಿಗೆ ಏನು ಸುತ್ತಿದ್ದೇನೆ, ಸಂದು ಎಷ್ಟು ಬಿಟ್ಟಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಸವೆಸಿದ್ದೇನೆ.

ಮಧ್ಯೆ ಒಂದು ಪ್ರಯೋಗ ಮಾಡಿದೆ, ಹೇಳಲೇಬೇಕು. ಜವಾರಿಗೆ ಜವಾರಿ ಬೆರೆಯುವುದು ಎಷ್ಟು ದೂರದ ತನಕ ಅಂತ ತಿಳಿಯಬೇಕಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಂದು ಬಣ್ಣದ ಜವಾರಿ ಹತ್ತಿ ತಳಿ ಮಾಡಿದ್ದಾರೆ. ಅದೂ 26 ಕ್ರೋಮೋಸೋಮಿನದೇ, ಜಯಧರದ ಜೊತೆ ಕೂಡುತ್ತದೆ. ಬೇರೆ ಹೊಲದಲ್ಲಿ ನಡುವೆ ಒಂದು ಸಾಲು ಕಂದು, ಎರಡೂ ಬದಿಗೆ ಜಯಧರ ಹಾಕಿದೆ. ಪ್ರತಿ ಸಾಲಿನ ಬೀಜ ಬೇರೆ ಬೇರೆ ಇಟ್ಟು ಮರುವರ್ಷ ಬಿತ್ತಿದೆ. ಜೇನುಹುಳ ಪರಾಗ ಒಯ್ದಿದ್ದರೆ ಅರಳೆಯಲ್ಲೇ ಬಣ್ಣ ಕಾಣುತ್ತದೆ. ಪಕ್ಕದ ಸಾಲುಗಳಲ್ಲಿ ನೂರಕ್ಕೆ ಏಳೆಂಟು ಗಿಡದಲ್ಲಿ ಕಂದು ಛಾಯೆ ಬಂತು. ಇಪ್ಪತ್ತೈದು ಮೂವತ್ತು ಹೆಜ್ಜೆ ಆಚೆ ಒಂದೂ ಕಾಣಲಿಲ್ಲ. ಆದರೂ ಬೀಜದ ಗಿಡಗಳಿಗೆ ಸಂಜೆ ಹೊತ್ತು, ನಾಳೆ ಅರಳುವ ಮೊಗ್ಗಿನ ತುದಿಗೆ ಹೊರಗಿನ ಪರಾಗ ಹೋಗದಂತೆ ದಾರ ಕಟ್ಟಿಸುವುದು ಬಿಟ್ಟಿಲ್ಲ. ಎಲ್ಲಾ ಗಿಡಕ್ಕೂ ಕಟ್ಟಿಸುವುದಿಲ್ಲ, ಕಟ್ಟಿಸಿದರೆ ಜಯಧರದ ಗಿಡಗಳು ತಮ್ಮತಮ್ಮಲ್ಲೇ ಬೆರೆಯುವುದೂ ನಿಂತುಹೋಗುತ್ತದೆ. ನಾಲ್ಕರಲ್ಲಿ ಒಂದಕ್ಕೆ ಸಾಕು.

ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಜಯಧರ ಎಕರೆಗೆ ಎರಡೂವರೆ ಮೂರು ಕ್ವಿಂಟಲ್, ಅದರ ಮೇಲೆ ಆಸೆ ಬೇಡ. ಅರಳೆ ಇಳಿಯುವುದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮಾರ್ಕೆಟ್ಟಿಗೆ ಒಯ್ದಾಗ ದಲಾಲರು ಮೂಗು ಮುರಿದು ಕ್ವಿಂಟಲಿಗೆ ಆರು ಸಾವಿರದೊಳಗೇ ಕೇಳಿದರು. ವಾಪಸ್ ತಂದೆ. ಈಗ ಅರ್ಧ ಅರಳೆ ಗಾದಿ ದಿಂಬಿನವರಿಗೆ ಹೋಗುತ್ತದೆ, ಕಿಲೋಗೆ ಮುನ್ನೂರರ ಹತ್ತಿರ. ಉಳಿದ ಅರ್ಧ ನಮ್ಮ ಓಣಿಯ ಹೆಣ್ಣುಮಕ್ಕಳು ಬತ್ತಿ ಹೊಸೆಯುತ್ತಾರೆ, ಅದು ಎಂಟುನೂರಕ್ಕೆ ಕಡಿಮೆ ಇಲ್ಲ. ಶ್ರಾವಣ, ಕಾರ್ತಿಕದಲ್ಲಿ ಪೂರೈಸಲು ಆಗುವುದಿಲ್ಲ. ಬಿತ್ತನೆ ಬೀಜಕ್ಕೆ ದುಡ್ಡಿಲ್ಲ, ರಸಹೀರುವ ಹುಳಕ್ಕೆ ಔಷಧಿ ಹೊಡೆದದ್ದು ನೆನಪಿಲ್ಲ. ಕೂಲಿ, ಹೊಸೆಯುವ ಖರ್ಚು ಕಳೆದು ಎಕರೆಗೆ ಇಪ್ಪತ್ತು ಸಾವಿರದ ಆಸುಪಾಸು ಉಳಿಯುತ್ತದೆ. ಬದುವಿನ ಆಚೆಯ ಮಳೆಯಾಶ್ರಿತ ಬಿಟಿಗಿಂತ ಮೂರು ನಾಲ್ಕು ಸಾವಿರ ಜಾಸ್ತಿಯೇ. ಸಾಲಿನ ನಡುವೆ ಬರುವ ಮೆಣಸಿನಕಾಯಿ, ಉಳ್ಳಾಗಡ್ಡಿ ದುಡ್ಡು ಬೇರೆ. ಅದನ್ನು ಸುಮ್ನೆ ಇದರಲ್ಲಿ ಸೇರಿಸಿ ಹೇಳುವುದಿಲ್ಲ.

ಬೀಜ ಬೇಕಾದವರು ಕೊನೆಯ ಬಿಡಿಸುವಿಕೆ ಮುಗಿದ ಮೇಲೆ, ಯುಗಾದಿ ಆಸುಪಾಸು ಬನ್ನಿ. ಒಬ್ಬರಿಗೆ ಎರಡು ಸೇರು ಕೊಡುತ್ತೇನೆ. ಮರುವರ್ಷ ನಾಲ್ಕು ಸೇರು ತಂದುಕೊಡಬೇಕು, ಅದೂ ಕಡಿಮೆ ಅಂದರೆ ನೂರು ಗಿಡದಿಂದ ತೆಗೆದದ್ದು. ಜಿನ್ನಿಗೆ ಹೋಗಿ ಬಂದ ಕಾಳು ತಂದರೆ ತೆಗೆದುಕೊಳ್ಳುವುದಿಲ್ಲ.